ವಿಚಾರಣೆಗೆ ಮುಂಚೆಯೇ ಕೇಸು ಮುಗಿದರೆ ಖರ್ಚು ಯಾರದು?

"ಅವರೇ ಕೇಸು ಹಾಕಿದ್ರು ಸಾರ್, ಅವರೇ ವಾಪಸ್ ತಗೊಂಡ್ರು. ಎರಡು ವರ್ಷ ಪ್ರತಿ ವಾಯಿದೆಗೂ ಹೆಬ್ಬೂರಿಂದ ಬಸ್ಸಿಗೆ ಬಂದಿದೀನಿ. ನನ್ನ ಖರ್ಚು ಯಾರು ಕೊಡ್ತಾರೆ?"

ತುಮಕೂರಿನಲ್ಲಿ ವಕೀಲಿ ವೃತ್ತಿ ಮಾಡುವ ನನಗೆ ತಿಂಗಳಲ್ಲಿ ನಾಲ್ಕಾರು ಬಾರಿಯಾದರೂ ಈ ಪ್ರಶ್ನೆ ಬರುತ್ತದೆ. ಕೇಸು ಹಾಕಿದವರೂ ಕೇಳುತ್ತಾರೆ, ಹಾಕಿಸಿಕೊಂಡವರೂ ಕೇಳುತ್ತಾರೆ. ಬಹಳಷ್ಟು ಜನ ಕೇಳುವುದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 35ರಂತೆ, ಯಾರು ಯಾರಿಗೆ ಎಷ್ಟು ಖರ್ಚು ಕೊಡಬೇಕು ಎನ್ನುವುದು ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು. ಸಾಮಾನ್ಯವಾಗಿ ಸೋತವರು ಗೆದ್ದವರ ಖರ್ಚು ಕೊಡಬೇಕು, ಹಾಗೆ ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಆದರೆ ಸಾಕ್ಷಿ, ವಾದ ಏನೂ ನಡೆಯದೆ ಕೇಸು ಮುಗಿದಾಗ ಸೋತವರು ಯಾರು, ಗೆದ್ದವರು ಯಾರು? ಅಲ್ಲಿ ಕೋರ್ಟು ನೋಡುವುದು ಎರಡು ಸಂಗತಿ: ಕೇಸು ಯಾರ ಕೈಯಿಂದ ಮುಗಿಯಿತು, ಕೇಸು ಹುಟ್ಟಿದ್ದು ಯಾರ ತಪ್ಪಿನಿಂದ. ಈ ಎರಡನ್ನೂ ಕೋರ್ಟಿನ ಗಮನಕ್ಕೆ ತರಬೇಕಾದವರು ನೀವು, ತರಬೇಕಾದದ್ದು ಕೇಸು ಮುಗಿಯುವ ದಿನವೇ. ಬಾಯಿ ಬಿಡದೆ ಇದ್ದವರಿಗೆ ಆದೇಶದ ಕೊನೆಯಲ್ಲಿ ಸಿಗುವುದು ಒಂದೇ ಸಾಲು: "ವೆಚ್ಚದ ಬಗ್ಗೆ ಆದೇಶವಿಲ್ಲ." ಅಂದರೆ ಅವರವರ ಖರ್ಚು ಅವರವರಿಗೆ.

ಮುಂದೆ ಓದುವ ಮುನ್ನ ಕೆಲವು ಮಾತುಗಳ ಅರ್ಥ ತಿಳಿದಿರಲಿ. ಕೇಸು ಹಾಕಿದವರು ವಾದಿ, ಹಾಕಿಸಿಕೊಂಡವರು ಪ್ರತಿವಾದಿ. ವಾದಿ ಕೊಡುವ ಮೊದಲ ಕಾಗದ ವಾದಪತ್ರ, ಅದಕ್ಕೆ ಪ್ರತಿವಾದಿ ಕೊಡುವ ಉತ್ತರ ಲಿಖಿತ ಹೇಳಿಕೆ. ಮೆಮೊ ಎಂದರೆ ಕೋರ್ಟಿಗೆ ಕೊಡುವ ಚಿಕ್ಕ ಟಿಪ್ಪಣಿ. ಡಿಕ್ರಿ ಎಂದರೆ ತೀರ್ಪಿನ ಫಲವನ್ನಷ್ಟೇ ಬರೆದ ಅಧಿಕೃತ ಕಾಗದ. ಸಂಹಿತೆಯ ಅಧ್ಯಾಯಗಳಿಗೂ 'ಆದೇಶ' ಎಂಬ ಹೆಸರೇ ಇರುವುದರಿಂದ ಗೊಂದಲವಾಗದಿರಲೆಂದು, ಕೋರ್ಟಿನಲ್ಲಿ ನಾವು ಆಡುವಂತೆ ಆರ್ಡರ್, ರೂಲ್ ಎಂದೇ ಬರೆಯುತ್ತೇನೆ.

ಹಂತ 1: ಕೇಸು ಹೇಗೆ ಮುಗಿಯಿತು ಎಂಬುದನ್ನು ಕಾಗದದಲ್ಲಿ ನೋಡಿ

"ಕೇಸು ಹೋಯ್ತು", "ಖುಲಾಸೆ ಆಯ್ತು", "ಕ್ಲೋಸ್ ಆಯ್ತು" ಎಂದು ಜನ ಹೇಳುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಹಿಂತೆಗೆದುಕೊಂಡದ್ದೋ, ರಾಜಿಯೋ, ಗೈರುಹಾಜರಿಯಿಂದ ವಜಾ ಆದದ್ದೋ, ವಾದಪತ್ರವೇ ತಿರಸ್ಕೃತವಾದದ್ದೋ ಎಂಬುದರ ಮೇಲೆ ಖರ್ಚಿನ ಲೆಕ್ಕ ಪೂರ್ತಿ ಬದಲಾಗುತ್ತದೆ.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಹಾಕಿದರೆ ಕೇಸಿನ ಸ್ಥಿತಿ ಕಾಣುತ್ತದೆ. ಆದರೆ ಅಲ್ಲಿರುವ ಒಂದೆರಡು ಪದಗಳನ್ನೇ ನಂಬಿ ಕೂರಬೇಡಿ. ನಕಲು ಅರ್ಜಿ ಹಾಕಿ ಕೊನೆಯ ದಿನದ ಆದೇಶದ ದೃಢೀಕೃತ ನಕಲು ಪಡೆಯಿರಿ. ಅದರಲ್ಲಿ ಎರಡು ಸಂಗತಿಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ: ಯಾವ ಆರ್ಡರ್, ಯಾವ ರೂಲ್ ಕೆಳಗೆ ಮುಗಿಯಿತು, ಖರ್ಚಿನ ಬಗ್ಗೆ ಏನು ಬರೆದಿದೆ.

ಹಂತ 2: 'ಖರ್ಚು' ಎಂದರೆ ಯಾವುದು, ಯಾವುದಲ್ಲ

ಇಲ್ಲೇ ಬಹಳ ಜನ ನಿರಾಶರಾಗುವುದು. ನೀವು ವಕೀಲರಿಗೆ ಕೊಟ್ಟದ್ದು, ಬಸ್ಸಿಗೆ ಇಟ್ಟದ್ದು, ಕೂಲಿ ಕಳೆದುಕೊಂಡದ್ದು ಎಲ್ಲ ಸೇರಿಸಿ ನಲವತ್ತು ಸಾವಿರ ಆಗಿದೆ ಎಂದಿಟ್ಟುಕೊಳ್ಳಿ. ಕೋರ್ಟು "ವೆಚ್ಚ ಸಹಿತ" ಎಂದು ಬರೆದ ಮಾತ್ರಕ್ಕೆ ನಲವತ್ತು ಸಾವಿರ ಕೈಗೆ ಬರುವುದಿಲ್ಲ.

ಒಂದು ಡಿಕ್ರಿಯ ಕೊನೆಯ ಪುಟ ತೆಗೆದು ನೋಡಿ. ಎರಡು ಕಂಬಸಾಲಿನ ಪಟ್ಟಿ ಇರುತ್ತದೆ, ಎಡಕ್ಕೆ ವಾದಿ, ಬಲಕ್ಕೆ ಪ್ರತಿವಾದಿ. ಕೆಳಗೆ ಸಾಲುಸಾಲಾಗಿ: ವಾದಪತ್ರದ ಮೇಲಿನ ಕೋರ್ಟ್ ಫೀ, ವಕಾಲತ್ತಿನ ಮೇಲಿನ ಸ್ಟಾಂಪು, ದಾಖಲೆಗಳ ಮೇಲಿನ ಸ್ಟಾಂಪು, ವಕೀಲರ ಫೀ, ಸಾಕ್ಷಿಗಳ ಭತ್ಯೆ, ಕಮಿಷನರ್ (ಸ್ಥಳ ನೋಡಿ ವರದಿ ಕೊಡುವಂಥ ಕೆಲಸಕ್ಕೆ ಕೋರ್ಟು ನೇಮಿಸಿದವರು) ಫೀ, ಸಮನ್ಸ್ ಜಾರಿಯ ಪ್ರೋಸೆಸ್ ಫೀ, ಕೊನೆಗೆ ಒಟ್ಟು. ಯಾವ ಸಾಲಿನ ಎದುರು ಏನೂ ಬರೆದಿಲ್ಲವೋ ಅಷ್ಟು ನಿಮ್ಮ ಕೈಬಿಟ್ಟಂತೆ. ಅಲ್ಲಿನ 'ವಕೀಲರ ಫೀ' ಕೂಡ ಸಾಮಾನ್ಯವಾಗಿ ನಿಯಮಗಳ ಪಟ್ಟಿಯಂತೆ ಹಾಕಿದ ಮೊತ್ತ. ನೀವು ನಿಜಕ್ಕೂ ಕೊಟ್ಟದ್ದು ಅದಕ್ಕಿಂತ ಹೆಚ್ಚೇ ಇರುತ್ತದೆ.

ಆರ್ಡರ್ 20ಎ ಇನ್ನೂ ಕೆಲವನ್ನು ಸೇರಿಸಿಕೊಳ್ಳಲು ಅವಕಾಶ ಕೊಡುತ್ತದೆ: ಕೇಸಿಗೆ ಮುಂಚೆ ಕಾನೂನಿನಂತೆ ಕೊಡಬೇಕಾದ ನೋಟಿಸಿನ ಖರ್ಚು, ಟೈಪಿಂಗ್, ಕೋರ್ಟಿನ ಕಡತ ಪರಿಶೀಲನೆಯ ಫೀ, ಕೋರ್ಟಿನ ಮೂಲಕವಲ್ಲದೆ ನೀವೇ ಕರೆತಂದ ಸಾಕ್ಷಿಯ ಖರ್ಚು. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಖರ್ಚೆಂದರೆ ವಾಸ್ತವವಾಗಿ ತಗುಲಿದ ನ್ಯಾಯವಾದ ಖರ್ಚಾಗಿರಬೇಕು, ಓಡಾಟ, ವಸತಿ, ವ್ಯಯಿಸಿದ ಸಮಯ ಕೂಡ ಅದರಲ್ಲಿ ಬರಬೇಕು ಎಂದು ಹೇಳಿದೆ. ಕೆಳಗಿನ ಕೋರ್ಟುಗಳಲ್ಲಿ ಇದು ತಾನಾಗಿ ಜಾರಿಗೆ ಬರುವುದಿಲ್ಲ. ರಸೀದಿ ತೋರಿಸಿ ಕೇಳಿದರೆ ಮಾತ್ರ ಕೇಳುವುದಕ್ಕೆ ಒಂದು ನೆಲೆ ಸಿಗುತ್ತದೆ. ಆದ್ದರಿಂದ ಮೊದಲ ವಾಯಿದೆಯಿಂದಲೇ ಒಂದು ಲಕೋಟೆ ಇಡಿ. ವಕೀಲರಿಗೆ ಹಣ ಕೊಟ್ಟಾಗ ರಸೀದಿ ಕೇಳುವುದು ಅವಮಾನ ಮಾಡಿದಂತಲ್ಲ. ನಾನೇ ವಕೀಲ, ನನ್ನ ಕಕ್ಷಿದಾರರಿಗೂ ಇದನ್ನೇ ಹೇಳುತ್ತೇನೆ.

ಹಂತ 3: ನಿಮ್ಮ ಕೇಸು ಇವುಗಳಲ್ಲಿ ಯಾವುದು?

ವಾದಿ ಸುಮ್ಮನೆ ವಾಪಸ್ ಪಡೆದರೆ. ಆರ್ಡರ್ 23, ರೂಲ್ 1. ವಾದಿ ಯಾವ ಹಂತದಲ್ಲಾದರೂ ಕೇಸನ್ನು ಕೈಬಿಡಬಹುದು. ಕೋರ್ಟಿನ ಅನುಮತಿ ಪಡೆಯದೆ ಹಾಗೆ ಹಿಂತೆಗೆದರೆ ಎರಡು ಪರಿಣಾಮ: ಅದೇ ವಿಷಯಕ್ಕೆ ಮತ್ತೆ ಕೇಸು ಹಾಕುವಂತಿಲ್ಲ, ಕೋರ್ಟು ವಿಧಿಸಿದಷ್ಟು ಖರ್ಚು ಪ್ರತಿವಾದಿಗೆ ಕೊಡಬೇಕು. ಖರ್ಚಿನ ಮಾತು ಆ ರೂಲ್‌ನ ಒಡಲಲ್ಲೇ ಇದೆ. ಪ್ರತಿವಾದಿಯಾಗಿ ನಿಮ್ಮ ಕೈಯಲ್ಲಿರುವ ಅತಿ ಗಟ್ಟಿಯಾದ ಹಿಡಿ ಇದೇ. ಇನ್ನೂ ಸಮನ್ಸ್ ಜಾರಿಯಾಗದೆ, ನೀವು ವಕೀಲರನ್ನೇ ಇಟ್ಟುಕೊಳ್ಳದೆ ಇದ್ದಾಗ ವಾಪಸ್ ಆಗಿದ್ದರೆ ಕೇಳುವುದಕ್ಕೆ ಏನೂ ಇರುವುದಿಲ್ಲ.

ಹೊಸ ಕೇಸು ಹಾಕುವ ಅನುಮತಿಯೊಂದಿಗೆ ವಾಪಸ್ ಪಡೆದರೆ. ಸರ್ವೆ ನಂಬರು ತಪ್ಪಾಗಿದೆ, ಸೇರಿಸಬೇಕಾದ ಪಕ್ಷಗಾರರನ್ನು ಬಿಟ್ಟಿದ್ದಾರೆ ಎಂಬಂಥ ರೀತಿಯ ದೋಷವಿದ್ದರೆ, ಅಥವಾ ಬೇರೆ ಸಾಕಷ್ಟು ಕಾರಣವಿದ್ದರೆ, ಕೋರ್ಟು ಅನುಮತಿ ಕೊಡಬಹುದು, ತನಗೆ ಸರಿಕಂಡ ಶರತ್ತಿನ ಮೇಲೆ. ಆ ಶರತ್ತು ಸಾಮಾನ್ಯವಾಗಿ ಪ್ರತಿವಾದಿಯ ಖರ್ಚು. ಪ್ರತಿವಾದಿಯಾದ ನೀವು "ನಮ್ಮ ತಕರಾರಿಲ್ಲ" ಎಂದು ಬರೆಯುವ ಮುನ್ನ "ಖರ್ಚು ಕೊಟ್ಟರೆ ತಕರಾರಿಲ್ಲ" ಎಂದು ಬರೆಸಿ. ವಾದಿಯಾದ ನೀವು ಆ ಖರ್ಚನ್ನು ಹೊಸ ಕೇಸಿಗೆ ಮುಂಚೆ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ವಾದಿಗೆ ಇನ್ನೊಂದು ಎಚ್ಚರಿಕೆ. ಅನುಮತಿ ಸಿಕ್ಕರೂ ಕಾಲಮಿತಿ ನಿಮಗಾಗಿ ಕಾಯುವುದಿಲ್ಲ. ಮೊದಲ ಕೇಸು ಹಾಕಿಯೇ ಇರಲಿಲ್ಲ ಎಂಬಂತೆ ದಿನಗಳನ್ನು ಎಣಿಸಬೇಕೆಂದು ರೂಲ್ 2 ಹೇಳುತ್ತದೆ. ಪ್ರೋನೋಟಿನ ಸಾಲಕ್ಕೆ ಮೂರು ವರ್ಷ. ಎರಡೂವರೆ ವರ್ಷಕ್ಕೆ ಕೇಸು ಹಾಕಿ, ಒಂದು ವರ್ಷ ನಡೆಸಿ, ಆಮೇಲೆ ವಾಪಸ್ ಪಡೆದರೆ ಹೊಸ ಕೇಸಿಗೆ ಅವಧಿಯೇ ಉಳಿದಿರುವುದಿಲ್ಲ. ಖರ್ಚೂ ಹೋಯಿತು, ಸಾಲವೂ ಹೋಯಿತು.

ಸಮನ್ಸ್ ಬಂದ ಮೇಲೆ ಎದುರಾಳಿ ಹಣ ಕೊಟ್ಟರೆ. ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ನೀವು ಪರಿಚಯದವರಿಗೆ ನಾಲ್ಕು ಲಕ್ಷ ಕೈಸಾಲ ಕೊಟ್ಟಿದ್ದೀರಿ. ಎಷ್ಟು ಕೇಳಿದರೂ ಕೊಡಲಿಲ್ಲ, ನೋಟಿಸ್ ಕೊಟ್ಟರೂ ಉತ್ತರ ಬರಲಿಲ್ಲ. ಕೋರ್ಟ್ ಫೀ ಕಟ್ಟಿ ಕೇಸು ಹಾಕಿದಿರಿ. ಅಮೀನರು ಸಮನ್ಸ್ ತಂದುಕೊಟ್ಟ ಮಾರನೇ ವಾರ ಆತ ಮನೆಗೆ ಬಂದು ನಾಲ್ಕು ಲಕ್ಷ ಎಣಿಸಿಟ್ಟು, "ದುಡ್ಡು ಕೊಟ್ಟಿದೀನಲ್ಲಣ್ಣ, ಕೇಸು ವಾಪಸ್ ತಗೊಂಡ್ಬಿಡು" ಎನ್ನುತ್ತಾನೆ. ನೀವು ಸಂತೋಷದಿಂದ "ದಾವೆಯನ್ನು ಮುಂದುವರಿಸಲು ಇಷ್ಟವಿಲ್ಲ" ಎಂಬ ಮೆಮೊಗೆ ಸಹಿ ಹಾಕುತ್ತೀರಿ. ಆ ಒಂದು ಸಹಿಯಿಂದ ಕಾಗದದ ಮೇಲೆ ಕೇಸು ಕೈಬಿಟ್ಟವರು ನೀವಾಗುತ್ತೀರಿ. ಕೋರ್ಟ್ ಫೀ, ವಕೀಲರ ಫೀ, ಬಡ್ಡಿ ಎಲ್ಲ ನಿಮ್ಮ ತಲೆಗೆ. ಎದುರಾಳಿ ಮನಸ್ಸು ಮಾಡಿದರೆ ತನ್ನ ಖರ್ಚನ್ನೂ ನಿಮ್ಮಿಂದ ಕೇಳಬಹುದು.

ಹಣ ಎಣಿಸಿಕೊಳ್ಳುವ ಮುಂಚೆಯೇ ಖರ್ಚಿನ ಮಾತಾಡಿ. ಮೆಮೊದಲ್ಲಿ ನಡೆದದ್ದನ್ನು ನಡೆದಂತೆ ಬರೆಸಿ: ಕೇಸು ದಾಖಲಾದ ನಂತರ, ಸಮನ್ಸ್ ತಲುಪಿದ ಮೇಲೆ, ಇಂಥ ದಿನ ಪ್ರತಿವಾದಿ ಇಷ್ಟು ಹಣ ಕೊಟ್ಟಿದ್ದಾರೆ, ಖರ್ಚು ಬಾಕಿ ಇದೆ.

ಪ್ರತಿವಾದಿ ಹಣವನ್ನು ಮನೆಗೆ ತಂದುಕೊಡುವ ಬದಲು ಕೋರ್ಟಿನಲ್ಲೇ ಠೇವಣಿ ಇಟ್ಟರೆ ಆರ್ಡರ್ 24 ಅನ್ವಯಿಸುತ್ತದೆ. ವಾದಿ ಅದನ್ನು ಪೂರ್ತಿ ತೀರಿಕೆಯೆಂದು ಒಪ್ಪಿಕೊಂಡರೆ ಅಲ್ಲಿಗೆ ಕೇಸು ಮುಗಿಯಿತು. ಖರ್ಚು ಯಾರು ಕೊಡಬೇಕೆಂದು ತೀರ್ಮಾನಿಸುವಾಗ, ಈ ವ್ಯಾಜ್ಯಕ್ಕೆ ಹೆಚ್ಚು ತಪ್ಪಿತಸ್ಥರು ಯಾರು ಎಂದು ಕೋರ್ಟು ನೋಡಬೇಕು. ಇದು ರೂಲ್ 4ರಲ್ಲೇ ಇರುವ ಅಳತೆಗೋಲು. ಅದರ ಕೆಳಗೆ ಸಂಹಿತೆಯೇ ಮೂರು ಉದಾಹರಣೆ ಕೊಟ್ಟಿದೆ. ಒಮ್ಮೆಯೂ ಕೇಳದೆ ನೇರ ಕೇಸು ಹಾಕಿದ ವಾದಿಗೆ, ಆತ ಕಾಯ್ದಿದ್ದರೆ ನಷ್ಟವಾಗುತ್ತಿತ್ತೆಂದು ನಂಬಲು ಕಾರಣವೂ ಇಲ್ಲದಿದ್ದರೆ, ಖರ್ಚು ಸಿಗದು. ಕೇಸು ಬಂದಾಗ ಸಾಲವನ್ನೇ ಅಲ್ಲಗಳೆದು ಆಮೇಲೆ ಹಣ ಕಟ್ಟಿದ ಪ್ರತಿವಾದಿ ಖರ್ಚು ಕೊಡಬೇಕು. ನೂರು ಬಾಕಿ ಇರುವಾಗ, ಆ ನೂರನ್ನು ಕೊಡಲು ಸಾಲಗಾರ ಸಿದ್ಧನಿದ್ದರೂ ನೂರೈವತ್ತಕ್ಕೆ ಕೇಸು ಹಾಕಿ, ಕೊನೆಗೆ ನೂರಕ್ಕೇ ಒಪ್ಪಿಕೊಂಡ ವಾದಿ ಪ್ರತಿವಾದಿಯ ಖರ್ಚು ಕೊಡಬೇಕು. ನೂರು ವರ್ಷಕ್ಕೂ ಹಿಂದೆ ಬರೆದ ಈ ಮೂರು ಉದಾಹರಣೆಗಳಷ್ಟು ಸ್ಪಷ್ಟವಾಗಿ ನ್ಯಾಯ ಯಾವುದೆಂದು ಹೇಳುವ ಜಾಗ ಇಡೀ ಸಂಹಿತೆಯಲ್ಲಿ ನನಗೆ ಬೇರೆ ಕಂಡಿಲ್ಲ. ಇದರಿಂದ ವಾದಿ ಕಲಿಯಬೇಕಾದದ್ದು: ಕೇಸಿಗೆ ಮುಂಚೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ನೋಟಿಸ್ ಕಳಿಸಿ ರಸೀದಿ ಇಟ್ಟುಕೊಳ್ಳುವುದು, ಕೇಳುವ ಮೊತ್ತವನ್ನು ಉಬ್ಬಿಸದಿರುವುದು. ಪ್ರತಿವಾದಿ ತಿಳಿಯಬೇಕಾದದ್ದು: ಬಾಕಿ ನಿಜವಿದ್ದರೆ ಬೇಗ ಠೇವಣಿ ಇಟ್ಟುಬಿಡಿ. ಠೇವಣಿಯ ನೋಟಿಸ್ ವಾದಿಗೆ ತಲುಪಿದ ದಿನದಿಂದ ಅಷ್ಟು ಮೊತ್ತಕ್ಕೆ ಬಡ್ಡಿ ನಿಲ್ಲುತ್ತದೆ.

ರಾಜಿಯಾದರೆ. ಆರ್ಡರ್ 23, ರೂಲ್ 3. ರಾಜಿ ಬರಹದಲ್ಲಿರಬೇಕು, ಪಕ್ಷಗಾರರ ಸಹಿ ಇರಬೇಕು. ಖರ್ಚಿನ ಕಲಮೊಂದನ್ನು ರಾಜಿ ಅರ್ಜಿಯಲ್ಲೇ ಸೇರಿಸಿ. ಅದರಲ್ಲಿ ಏನೂ ಬರೆಯದಿದ್ದರೆ ಅವರವರದ್ದು ಅವರವರಿಗೆ ಎಂದೇ ಅರ್ಥ ಮಾಡುತ್ತಾರೆ. ಬದು, ದಾರಿ, ಬೋರ್‌ವೆಲ್ ನೀರಿನ ಜಗಳಗಳಲ್ಲಿ ಊರಿನ ಹಿರಿಯರು ಕೂತು ರಾಜಿ ಮಾಡಿಸುವಾಗ ಕಮಿಷನರ್ ಫೀ, ಸರ್ವೆ ಖರ್ಚು ಯಾರದೆಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಆಮೇಲೆ ಅದೇ ಹೊಸ ಮನಸ್ತಾಪವಾಗುತ್ತದೆ. ರಾಜಿ ಡಿಕ್ರಿಯಾದ ಮೇಲೆ, ಆ ರಾಜಿ ಕಾನೂನುಬದ್ಧವಲ್ಲ ಎಂದು ಬೇರೆ ದಾವೆ ಹಾಕಲು ರೂಲ್ 3ಎ ಬಿಡುವುದಿಲ್ಲ. ಸಹಿಗೆ ಮುನ್ನ ಎರಡು ಸಲ ಓದಿಸಿ ಕೇಳಿ.

ಗೈರುಹಾಜರಿಯಿಂದ ವಜಾ ಆದರೆ. ಇಬ್ಬರೂ ಬರದಿದ್ದರೆ ಆರ್ಡರ್ 9, ರೂಲ್ 3ರಡಿ ವಜಾ. ಆಗ ಖರ್ಚು ಕೇಳಲು ಅಲ್ಲಿ ಯಾರೂ ಇರುವುದೇ ಇಲ್ಲ. ಪ್ರತಿವಾದಿ ಬಂದು ವಾದಿ ಬರದಿದ್ದರೆ ರೂಲ್ 8. ಆ ದಿನ ಪ್ರತಿವಾದಿಯ ವಕೀಲರು ಎದ್ದುನಿಂತು ಖರ್ಚು ಕೇಳಬೇಕು. ರೂಲ್ 8ರಡಿ ವಜಾ ಆದರೆ ವಾದಿ ಅದೇ ವಿಷಯಕ್ಕೆ ಹೊಸ ಕೇಸು ಹಾಕುವಂತಿಲ್ಲ. 30 ದಿನದೊಳಗೆ ಮರುಸ್ಥಾಪನೆಗೆ ಅರ್ಜಿ ಹಾಕಿ, ಬರಲಾಗದ್ದಕ್ಕೆ ಸರಿಯಾದ ಕಾರಣ ತೋರಿಸಬೇಕು. ಕೋರ್ಟು ಒಪ್ಪಿದರೂ ಖರ್ಚಿನ ಶರತ್ತು ಹಾಕಬಹುದು. ಹೇಳಿದ ದಿನದೊಳಗೆ ಕಟ್ಟಿ. ಕಟ್ಟದೆ ಬಿಟ್ಟು ಮತ್ತೆ ಕೇಸು ಕಳೆದುಕೊಂಡವರನ್ನು ನೋಡಿದ್ದೇನೆ. ಪ್ರೋಸೆಸ್ ಫೀ ಕಟ್ಟದೆ ವಜಾ ಆದರೂ ದುಡ್ಡು ಹೋಗುವುದು ವಾದಿಯದೇ.

ವಾದಪತ್ರವೇ ತಿರಸ್ಕೃತವಾದರೆ. ಆರ್ಡರ್ 7, ರೂಲ್ 11. ಕೇಸು ಹಾಕಲು ಕಾರಣವೇ ಕಾಣದಿದ್ದಾಗ, ಕೋರ್ಟ್ ಫೀ ಕಡಿಮೆಯಿದ್ದು ಗಡುವಿನೊಳಗೆ ತುಂಬದಿದ್ದಾಗ, ಕಾನೂನೇ ಅಡ್ಡಿಯಿದ್ದಾಗ ಹೀಗಾಗುತ್ತದೆ. ಅರ್ಜಿ ಹಾಕಿ ತಿರಸ್ಕಾರ ಮಾಡಿಸಿದ ಪ್ರತಿವಾದಿ ಅದೇ ಅರ್ಜಿಯಲ್ಲಿ ಖರ್ಚನ್ನೂ ಕೇಳಿರಬೇಕು.

ವಾದಿ ತೀರಿಕೊಂಡರೆ. ವಾರಸುದಾರರನ್ನು 90 ದಿನದೊಳಗೆ ಕಡತಕ್ಕೆ ತರದಿದ್ದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ. ಆಗ ಪ್ರತಿವಾದಿ ಅರ್ಜಿ ಕೊಟ್ಟರೆ, ಕೇಸು ಎದುರಿಸಲು ಮಾಡಿದ ಖರ್ಚನ್ನು ತೀರಿಕೊಂಡವರ ಆಸ್ತಿಯಿಂದ ಕೊಡಿಸಲು ಕೋರ್ಟಿಗೆ ಆರ್ಡರ್ 22, ರೂಲ್ 3ರಲ್ಲಿ ಅಧಿಕಾರವಿದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ವಾಪಸ್ ಪಡೆಯುವ ವಾದಿಗೆ ಇನ್ನೂ ಒಂದು ಮಾತು. ಪ್ರತಿವಾದಿ ಲಿಖಿತ ಹೇಳಿಕೆಯಲ್ಲಿ ಪ್ರತಿಹಕ್ಕು, ಅಂದರೆ ಕೌಂಟರ್ ಕ್ಲೇಮ್, ಹಾಕಿದ್ದರೆ ನೀವು ಹಿಂದೆ ಸರಿದರೂ ಅದು ನಡೆಯುತ್ತಲೇ ಇರುತ್ತದೆ. ಆಸ್ತಿ ವಿಭಾಗದ ದಾವೆಯಲ್ಲಿ ನೀವು ಬಿಟ್ಟ ಜಾಗಕ್ಕೆ ಪ್ರತಿವಾದಿಯಾಗಿದ್ದ ಅಣ್ಣನೋ ತಂಗಿಯೋ ವಾದಿಯಾಗಿ ಬರಲು ಕೋರ್ಟನ್ನು ಕೇಳಬಹುದು. "ವಾಪಸ್ ತಗೊಂಡ್ರೆ ಎಲ್ಲ ಮುಗೀತು" ಎಂದು ಯಾರಾದರೂ ಹೇಳಿದರೆ ಮೊದಲು ಲಿಖಿತ ಹೇಳಿಕೆ ತೆಗೆದು ನೋಡಿ.

ಹಂತ 4: ಕೇಸು ಮುಗಿಯುವ ದಿನ ಮಾಡಬೇಕಾದದ್ದು

ಎದುರು ಪಕ್ಷ ವಾಪಸಾತಿ ಮೆಮೊ ಕೊಡುವ ಸುಳಿವು ಸಿಕ್ಕ ಕೂಡಲೇ ನಿಮ್ಮ ವಕೀಲರಿಗೆ ಖರ್ಚಿನ ಮೆಮೊ ಸಿದ್ಧಪಡಿಸಲು ಹೇಳಿ. ಅದು ಅರ್ಧ ಪುಟವಾದರೆ ಸಾಕು:

"ವಾದಿಯು ದಾವೆಯನ್ನು ಹಿಂತೆಗೆದುಕೊಳ್ಳುತ್ತಿದ್ದಾರೆ. ಈ ಪ್ರತಿವಾದಿಯು ಸಮನ್ಸ್ ಪಡೆದು ವಕೀಲರನ್ನು ನೇಮಿಸಿ, ಲಿಖಿತ ಹೇಳಿಕೆ ಸಲ್ಲಿಸಿ, ಇಷ್ಟು ವಾಯಿದೆಗಳಿಗೆ ಹಾಜರಾಗಿದ್ದಾರೆ. ಖರ್ಚಿನ ವಿವರ ಮತ್ತು ರಸೀದಿಗಳನ್ನು ಲಗತ್ತಿಸಿದೆ. ಆರ್ಡರ್ 23 ರೂಲ್ 1 ಹಾಗೂ ಕಲಂ 35ರ ಮೇರೆಗೆ ವೆಚ್ಚ ಕೊಡಿಸಬೇಕಾಗಿ ಪ್ರಾರ್ಥನೆ."

ಸುಳ್ಳು ಕೇಸು ಎಂದು ನಿಮಗೆ ಖಾತ್ರಿಯಿದ್ದರೆ ಕಲಂ 35ಎ ಇದೆ. ಸುಳ್ಳೆಂದು ಗೊತ್ತಿದ್ದೂ ಅಥವಾ ಕಿರುಕುಳ ಕೊಡಲೆಂದೇ ಹಾಕಿದ ಕೇಸು ವಜಾ ಆದರೆ ಮಾತ್ರವಲ್ಲ, ಕೈಬಿಟ್ಟರೂ, ಹಿಂತೆಗೆದುಕೊಂಡರೂ ಈ ಕಲಂ ಅನ್ವಯಿಸುತ್ತದೆ. ಮಿತಿ ಮೂರು ಸಾವಿರ ರೂಪಾಯಿ. ಇಂದಿನ ದಿನಕ್ಕೆ ಅದು ಏನೂ ಅಲ್ಲ, 2010ರಲ್ಲಿ ಸುಪ್ರೀಂ ಕೋರ್ಟೇ ಈ ಮೊತ್ತ ತೀರಾ ಕಡಿಮೆಯೆಂದು ಹೇಳಿತ್ತು. ಆದರೂ ಕೇಳಿ. ಈ ಕೇಸು ಸುಳ್ಳಾಗಿತ್ತು ಎಂದು ಕೋರ್ಟು ಕಾರಣ ಸಹಿತ ಬರೆದ ಒಂದು ಸಾಲು ಊರಿನಲ್ಲಿ ತಲೆಯೆತ್ತಿ ನಡೆಯಲು ಎಷ್ಟು ಬೇಕು ಎಂಬುದು ಅಂಥ ಕೇಸು ಅನುಭವಿಸಿದವರಿಗೆ ಗೊತ್ತು. ಆದರೆ ಗಮನಿಸಿ: ಆಕ್ಷೇಪಣೆ ಮೊದಲು ಬರಬೇಕು, ವಾಪಸಾತಿ ಆಮೇಲೆ. ಲಿಖಿತ ಹೇಳಿಕೆಯಲ್ಲೇ "ವಾದಿಗೆ ಇದು ಸುಳ್ಳೆಂದು ಗೊತ್ತಿದೆ" ಎಂದು ಬರೆಸಿರದಿದ್ದರೆ ಕೊನೆಯ ದಿನ ಕೇಳಲು ಬುಡವೇ ಇರುವುದಿಲ್ಲ.

ವಾದಿ ತಾತ್ಕಾಲಿಕ ತಡೆಯಾಜ್ಞೆ ತಂದು, ನಿಮ್ಮ ಕಟ್ಟಡವನ್ನೋ ಬಿತ್ತನೆಯನ್ನೋ ನಿಲ್ಲಿಸಿ, ಆಮೇಲೆ ಕೇಸು ಬಿಟ್ಟುಹೋದರೆ ಖರ್ಚಿನ ಜೊತೆ ನಷ್ಟದ ಪ್ರಶ್ನೆಯೂ ಏಳುತ್ತದೆ. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ತಂದಿದ್ದರೆ ಕಲಂ 95ರಡಿ 50,000 ರೂಪಾಯಿವರೆಗೆ ಪರಿಹಾರ ಕೊಡಿಸಬಹುದು. ಆದರೆ ಅದರಡಿ ಒಮ್ಮೆ ಆದೇಶವಾದರೆ ಅದೇ ತಡೆಯಾಜ್ಞೆಯ ನಷ್ಟಕ್ಕೆ ಬೇರೆ ದಾವೆ ಹಾಕುವಂತಿಲ್ಲ. ನಷ್ಟ ದೊಡ್ಡದಿದ್ದರೆ ಯಾವ ದಾರಿ ಎಂದು ಯೋಚಿಸಿ ಹೆಜ್ಜೆ ಇಡಿ.

ನಡುವೆ ವಾಯಿದೆ ಕೇಳಿದ್ದಕ್ಕೋ ತಡಮಾಡಿದ್ದಕ್ಕೋ ಕಲಂ 35ಬಿ ಅಡಿ ಹಾಕಿದ ಖರ್ಚು ಬಾಕಿಯಿದ್ದರೆ ಅದು ಬೇರೆ ಲೆಕ್ಕ. ಕೊಡದೆ ಉಳಿದಿದ್ದರೆ ಪ್ರತ್ಯೇಕ ಆದೇಶ ಬರೆಸಿ ವಸೂಲಿ ಮಾಡಬಹುದು. ಕೇಸು ಮುಗಿದ ದಿನವೇ ಅದನ್ನೂ ನೆನಪಿಸಿ.

ಹಂತ 5: ಕೋರ್ಟ್ ಫೀ ವಾಪಸ್ ಕೇಳಿ

ಇದು ಎದುರಾಳಿಯ ಜೇಬಿನಿಂದಲ್ಲ, ಸರ್ಕಾರದಿಂದ ಬರುವ ಹಣ. ಆದ್ದರಿಂದ ರಾಜಿಯ ಬಿಸಿಯಲ್ಲಿ ಎಲ್ಲರೂ ಇದನ್ನು ಮರೆಯುತ್ತಾರೆ.

ಸಾಕ್ಷ್ಯ ದಾಖಲಾಗುವ ಮೊದಲೇ ಪಕ್ಷಗಾರರು ಹೊರಗೆ ಒಪ್ಪಂದಕ್ಕೆ ಬಂದು ಕೇಸು ಮುಗಿಸಿದರೆ, ಅಥವಾ ರಾಜಿ ಡಿಕ್ರಿಯಾದರೆ, 1958ರ ಕರ್ನಾಟಕ ಕೋರ್ಟ್ ಫೀ ಮತ್ತು ದಾವೆಗಳ ಮೌಲ್ಯಮಾಪನ ಕಾಯ್ದೆಯ ಕಲಂ 66ರಂತೆ ಕಟ್ಟಿದ ಕೋರ್ಟ್ ಫೀಯ ಅರ್ಧ ವಾಪಸ್ ಬರುತ್ತದೆ. 30,000 ಕಟ್ಟಿದ್ದರೆ 15,000. ಕೋರ್ಟು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 89ರಡಿ ಮಧ್ಯಸ್ಥಿಕೆ ಕೇಂದ್ರಕ್ಕೋ ಲೋಕ ಅದಾಲತ್‌ಗೋ ಕಳಿಸಿ ಅಲ್ಲಿ ಇತ್ಯರ್ಥವಾದರೆ ಪೂರ್ತಿ ಕೇಳಬಹುದು. ತಾವೇ ಹೊರಗೆ ಇತ್ಯರ್ಥ ಮಾಡಿಕೊಂಡವರಿಗೂ ಪೂರ್ತಿ ಫೀ ಸಿಗಬೇಕೆಂದು ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ. ಅರ್ಧಕ್ಕೆ ಸುಮ್ಮನಾಗುವ ಮುನ್ನ ಆ ತೀರ್ಪನ್ನು ಮುಂದಿಟ್ಟು ಪೂರ್ತಿ ಕೇಳಲು ನಿಮ್ಮ ವಕೀಲರಿಗೆ ಹೇಳಿ.

ಎಚ್ಚರ ಒಂದೇ. "ದಾವೆ ಮುಂದುವರಿಸಲು ಇಷ್ಟವಿಲ್ಲ" ಎಂದು ಒಬ್ಬರೇ ಸಹಿ ಹಾಕಿದ ಮೆಮೊ ರಾಜಿಯಲ್ಲ. "ಪಕ್ಷಗಾರರ ನಡುವೆ ವ್ಯಾಜ್ಯ ಇತ್ಯರ್ಥವಾಗಿರುವುದರಿಂದ" ಎಂದು ಬರೆದು ಇಬ್ಬರೂ ಸಹಿ ಮಾಡಿದ ಜಂಟಿ ಮೆಮೊ ಬೇಕು, ಅದರಲ್ಲೇ ಫೀ ವಾಪಸಾತಿಯ ಪ್ರಾರ್ಥನೆ ಇರಬೇಕು. ಲೋಕ ಅದಾಲತ್‌ನಲ್ಲಿ ಆಗುವ ಇತ್ಯರ್ಥಕ್ಕೆ ಮೇಲ್ಮನವಿ ಇಲ್ಲ ಎಂಬುದೂ ತಲೆಯಲ್ಲಿರಲಿ.

ಹಂತ 6: ಆದೇಶವಾದ ಮೇಲೆ

ಡಿಕ್ರಿ ಬಂದ ಕೂಡಲೇ ಆ ಕೊನೆಯ ಪುಟದ ಪಟ್ಟಿ ನೋಡಿ. ತೀರ್ಪಿನಲ್ಲಿ "ವೆಚ್ಚ ಸಹಿತ" ಎಂದಿದ್ದು ಡಿಕ್ರಿಯಲ್ಲಿ ಬಿಟ್ಟುಹೋಗಿದ್ದರೆ, ಮೊತ್ತ ತಪ್ಪಾಗಿದ್ದರೆ, ಕಲಂ 152ರಡಿ ತಿದ್ದುಪಡಿಗೆ ಅರ್ಜಿ ಹಾಕಬಹುದು. ಆದರೆ ತೀರ್ಪಿನಲ್ಲೇ ಖರ್ಚಿನ ಮಾತಿಲ್ಲದಿದ್ದರೆ ಈ ಕಲಂ ನಿಮ್ಮ ಕೈಹಿಡಿಯುವುದಿಲ್ಲ.

ಮೊದಲು ಎದುರಾಳಿಗೆ ಒಂದು ಪತ್ರ ಬರೆದು ಹಣ ಕೇಳಿ. ಕೊಡದಿದ್ದರೆ ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ. ಹಣದ ಬೇರೆ ಡಿಕ್ರಿಯನ್ನು ಜಾರಿ ಮಾಡುವಂತೆಯೇ ಖರ್ಚಿನ ಮೊತ್ತವನ್ನೂ ಜಾರಿ ಮಾಡಿಸಬಹುದು. 12 ವರ್ಷ ಅವಧಿಯಿದೆ, ಆದರೂ ತಡಮಾಡಬೇಡಿ. ಆಸ್ತಿ ಕೈಬದಲಾದ ಮೇಲೆ ವಸೂಲಿ ಕಷ್ಟ. ಡಿಕ್ರಿಯ ಒಟ್ಟು ಮೊತ್ತ ಎರಡು ಸಾವಿರ ರೂಪಾಯಿ ಮೀರದಿದ್ದರೆ ಯಾರನ್ನೂ ಸಿವಿಲ್ ಜೈಲಿಗೆ ಕಳಿಸಲು ಬರುವುದಿಲ್ಲ, ಜಪ್ತಿ ಮಾತ್ರ. ಮೊತ್ತ ಚಿಕ್ಕದಿದ್ದರೆ ಅಮಲ್ಜಾರಿಗೆ ಆಗುವ ಖರ್ಚನ್ನೂ ತೂಗಿ ನೋಡಿ.

ಕೋರ್ಟ್ ಫೀ ಕಟ್ಟಲಾಗದೆ ನಿರ್ಗತಿಕರೆಂದು ಕೇಸು ಹಾಕಿದವರಿಗೆ ಒಂದು ಮಾತು. ಆ ಕೇಸನ್ನು ವಾಪಸ್ ಪಡೆದರೆ, ಅಥವಾ ಹಾಜರಾಗದೆ ವಜಾ ಆದರೆ, ಮಾಫಿಯಾಗಿದ್ದ ಕೋರ್ಟ್ ಫೀ ಕಟ್ಟಬೇಕೆಂದು ಆರ್ಡರ್ 33, ರೂಲ್ 11ರಡಿ ಆದೇಶವಾಗುತ್ತದೆ. ಯಾರೋ ಹೇಳಿದರೆಂದು ಸಹಿ ಹಾಕಿ ಕಂಗಾಲಾಗಬೇಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಆದಾಯ ಕಡಿಮೆಯಿರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕೋರ್ಟುಗಳಲ್ಲೂ ಅದರ ಸಮಿತಿಗಳಿವೆ. ಫೋನಿನಲ್ಲಾದರೆ 15100. ಹೋಗುವಾಗ ವಾದಪತ್ರದ ಪ್ರತಿ, ಲಿಖಿತ ಹೇಳಿಕೆ, ಕೊನೆಯ ಆದೇಶದ ನಕಲು, ರಸೀದಿಗಳ ಆ ಲಕೋಟೆ ಜೊತೆಯಲ್ಲಿರಲಿ. ಮೆಮೊಗೆ ಸಹಿ ಹಾಕುವ ಹಿಂದಿನ ದಿನ ಹೋದರೆ ಇನ್ನೂ ಒಳ್ಳೆಯದು.